ಐದರಲ್ಲಿ ನಾಲ್ಕು ಎಳೆ ಮಲಗಲಿ

ಗಜೇಂದ್ರಗಡ
೧೨ ಫೆಬ್ರುವರಿ ೧೯೫೭

ಪ್ರಭು, ನಿನಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಹತ್ತಿರ ಇದ್ದಿದ್ದರೆ ನಾಲ್ಕು ಬಾರಿಸುತ್ತಿದ್ದೆ. ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಬಸದ ಖಣ ನೇಯುತ್ತ ಕೂತಿದ್ದೆ. ಪೋಸ್ಟಿನವನು ಬಾಗಿಲಲ್ಲಿ ನಿಂತು, “ಶೇಖವ್ವಕ್ಕಾರ, ಮುಂಬಯಿಂದ ತಮ್ಮನ ಪತ್ರ ಬಂದದ ನೋಡ್ರಿ” ಎಂದ. ಕೈಯಲ್ಲಿದ್ದ ಲಾಳಿ ಬಿದ್ದೇ ಹೋಯಿತು. ಎದುರು ಮನೆಯ ಮೈಮುನಬಿ ನೂಲಿಗೆ ಬಣ್ಣ ಹಾಕುತ್ತಿದ್ದವಳು ಕೆಂಪು ಕೈಯಲ್ಲೇ ಓಡಿ ಬಂದು ನನ್ನ ತೋಳು ಹಿಡಿದಳು. ಅವಳ ಬೆರಳೆಲ್ಲ ನನ್ನ ಸೀರೆಯ ಮೇಲೆ ಮೂಡಿವೆ. “ಏನಾತಬೇ? ಯಾರಿಗೇನಾತು?” ಎಂದು ಅವಳು. “ಒಡೀಬ್ಯಾಡ್ರಿ, ಒಡೀಬ್ಯಾಡ್ರಿ” ಎಂದು ನಾನು. ಕಡೆಗೆ ನಿಮ್ಮ ಮಾವನೇ ಕವರು ಹರಿದು ಓದಿದರು. ಮೂರು ಹಾಳೆ ಮುಗಿಸಿ ತಲೆ ಎತ್ತಿ, “ಏನೂ ಆಗಿಲ್ಲ. ಯಾವುದೋ ಮಷೀನಿನ ಸುದ್ದಿ ಬರದಾನ” ಎಂದರು.

ಏನೂ ಆಗದೆ ಮೂರು ಹಾಳೆ ಬರೆಯುತ್ತಾರೇನೋ? ನಮ್ಮ ಮನೆಯ ಪದ್ಧತಿ ಮುಂಬಯಿಗೆ ಹೋದ ಕೂಡಲೇ ಮರೆತೆಯಾ? ನೀನು ರೋಣದ ಸಾಲಿಗೆ ಓದಲು ಹೊರಟಾಗಲೇ ಅಪ್ಪ ಹೇಳಿ ಕಳಿಸಿದ್ದರು: “ಚಲೋ ಇದ್ರ ಸುಮ್ನಿರು. ಕಷ್ಟ ಬಂದ್ರ ಬರಿ.” ನಿನ್ನ ಪತ್ರ ಬರಲಿಲ್ಲವೆಂದರೆ ನೀನು ಆರಾಮ ಇದ್ದೀ ಎಂದು ನಾವು ನೆಮ್ಮದಿಯಿಂದ ಉಂಡು ಮಲಗುತ್ತಿದ್ದೆವು. ಅಪ್ಪ ಹೋದರೂ ಆ ಮಾತು ಹೋಗಿಲ್ಲ. ಈ ಓಣಿಯಲ್ಲಿ ಪತ್ರ ಬಂತೆಂದರೆ ಯಾರೋ ಹಾಸಿಗೆ ಹಿಡಿದರು ಎಂದೇ ಅರ್ಥ.

ಬೈದದ್ದಾಯಿತು. ಈಗ ಒಂದು ಕೇಳುತ್ತೇನೆ. ಲೆಕ್ಕ ಮಾಡುವ ಮಷೀನು ಎಂದಿದ್ದೀ. ಅದಕ್ಕೆ ಲೆಕ್ಕ ತಿಳಿಯುವುದಾದರೂ ಹೇಗೆ? ತಲೆ ಇದೆಯಾ ಅದಕ್ಕೆ? ಮೈಮುನಬಿ ಅದರೊಳಗೆ ಯಾರನ್ನೋ ಕೂರಿಸಿರಬೇಕು ಎನ್ನುತ್ತಾಳೆ. ಉತ್ತರ ಬರೆ. ಆದರೆ ಕವರಿನ ಮೇಲೆ “ಎಲ್ಲಾ ಕ್ಷೇಮ” ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸು, ನನ್ನ ಜೀವ ತೆಗೆಯಬೇಡ.

ಸಿಟ್ಟು ಇಳಿದ ನಿನ್ನ ಅಕ್ಕ,
ಶೇಖವ್ವ


ಮುಂಬಯಿ
೩ ಮಾರ್ಚ್ ೧೯೫೭

ಅಕ್ಕಾ, ನಿನ್ನ ಪಾದಕ್ಕೆ ಪ್ರಭುಲಿಂಗನ ಶರಣು.

ಕವರಿನ ಮೇಲೆ ಕೆಂಪು ಶಾಯಿಯಲ್ಲಿ “ಎಲ್ಲಾ ಕ್ಷೇಮ” ಎಂದು ಬರೆದಿದ್ದೇನೆ. ಇಲ್ಲಿಯ ಪೋಸ್ಟಿನ ಗುಮಾಸ್ತ ಅದು ಯಾವ ತಾಲೂಕಿನಲ್ಲಿ ಬರುತ್ತದೆ ಎಂದು ಕೇಳಿದ.

ಮೈಮುನಬಿಗೆ ಹೇಳು, ಒಳಗೆ ಯಾರೂ ಇಲ್ಲ. ಒಂದು ದೊಡ್ಡ ಕೋಣೆಯ ತುಂಬ ಕಪಾಟುಗಳು, ಕಪಾಟಿನ ತುಂಬ ತಂತಿ. ಮೊದಲ ದಿನ ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಯಾರೂ ಬಿಡು ಎಂದಿರಲಿಲ್ಲ, ಕಾಲು ತಾನೇ ಬಿಟ್ಟಿತು. ಆ ಯಂತ್ರಕ್ಕೆ ಬರುವುದು ಎರಡೇ ಮಾತು: ಹೌದು, ಇಲ್ಲ. ತಂತಿಯಲ್ಲಿ ಕರೆಂಟು ಇದ್ದರೆ ಹೌದು. ಇಲ್ಲದಿದ್ದರೆ ಇಲ್ಲ. ಬರೀ ಈ ಎರಡು ಮಾತಿನಲ್ಲೇ ಅದು ಕೂಡುತ್ತದೆ, ಕಳೆಯುತ್ತದೆ, ಗುಣಿಸುತ್ತದೆ. ನಾವು ಹಾಳೆಯ ಮೇಲೆ ಮಧ್ಯಾಹ್ನದವರೆಗೆ ತಿಣುಕಿದ ಗುಣಾಕಾರವನ್ನು ಅದು ನಾನು ಉಗುಳು ನುಂಗುವುದರೊಳಗೆ ಮಾಡಿ ಮುಗಿಸಿತು. ಅಕ್ಕಾ, ನನಗೆ ಅಳು ಬಂತು. ಯಾಕೆಂದು ಈಗಲೂ ಗೊತ್ತಿಲ್ಲ.

ಕಟ್ಟಲು ನನ್ನ ಪಾಲಿಗೆ ಬಂದದ್ದು ನಿಯಂತ್ರಣದ ಕಪಾಟು. ಅದು ಲೆಕ್ಕ ಮಾಡುವುದಿಲ್ಲ. ಈಗ ನೀನು ಕೂಡು, ಈಗ ನೀನು ಸುಮ್ಮನಿರು ಎಂದು ಉಳಿದ ಕಪಾಟುಗಳಿಗೆ ಅಪ್ಪಣೆ ಕೊಡುತ್ತದೆ. ನಿನಗೆ ಇದು ಹೊಸದಲ್ಲ. ನಿನ್ನ ಮಗ್ಗದ ತಲೆಯ ಮೇಲೆ ಡಾಬಿ ಪೆಟ್ಟಿಗೆ ಇದೆಯಲ್ಲ, ಅದೇ. ಅದರ ಪಟ್ಟಿಯಲ್ಲಿ ಕಟ್ಟಿಗೆ ಮೊಳೆ ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಮೊಳೆ ಇಲ್ಲದ ಕಡೆ ಮಲಗಿರುತ್ತದೆ. ಅಲ್ಲಿ ಮೊಳೆ, ಇಲ್ಲಿ ರಿಲೇ ಎಂಬ ಪುಟ್ಟ ಸಾಧನ. ಕರೆಂಟು ಕೊಟ್ಟರೆ ಅದರ ಕಬ್ಬಿಣದ ನಾಲಿಗೆ ಟಕ್ಕನೆ ಅಂಟಿಕೊಳ್ಳುತ್ತದೆ, ತೆಗೆದರೆ ಬಿಡುತ್ತದೆ.

ತೊಂದರೆ ಏನೆಂದರೆ ಕಪಾಟು ಕಾದು ಬಿಸಿಯಾಗುತ್ತದೆ. ಒಂದೊಂದು “ಹೌದು” ಅನ್ನಲೂ ಕರೆಂಟು ಬೇಕು. ಸಾವಿರಾರು “ಹೌದು” ಸೇರಿದರೆ ಒಲೆಯೇ. ನಮ್ಮ ಜೊತೆ ವೈರಿಂಗ್ ಮಾಡುವ ಕಾಶೀಂಸಾಬ ನರಗುಂದದವನು. ಕಪಾಟಿನ ಮೇಲೆ ಕೈಯಿಟ್ಟು, “ಪ್ರಭಣ್ಣಾರ, ಹಿಟ್ಟು ತರ್ರಿ, ರೊಟ್ಟಿ ಬಡೀತೀನಿ” ಎನ್ನುತ್ತಾನೆ. ಫ್ಯೂಜು ಹೋಗುತ್ತದೆ, ಸುರುಳಿಗಳು ಸುಡುತ್ತವೆ. ನಮ್ಮ ಆಫೀಸಿನ ಸಾಹೇಬರು ನನ್ನನ್ನು ಕರೆದು, ಅರ್ಧಕ್ಕಿಂತ ಕಡಿಮೆ ಕರೆಂಟಿನಲ್ಲಿ ಇದನ್ನು ನಡೆಸುವ ದಾರಿ ಹುಡುಕು ಎಂದಿದ್ದಾರೆ. ಯಂತ್ರ ಈಗ ಮಾಡುವುದೆಲ್ಲವನ್ನೂ ಮಾಡಬೇಕು, ತಿನ್ನುವುದು ಮಾತ್ರ ಅರ್ಧ ತಿನ್ನಬೇಕು. ಎಲ್ಲಿಂದ ಹಿಡಿಯಲಿ ಅಂತ ತಿಳಿಯುತ್ತಿಲ್ಲ.

ಮಾವನಿಗೆ ಶರಣು. ನೀನು ಚಲೋ ಇದ್ದರೆ ಉತ್ತರ ಬರೆಯುವ ಜರೂರು ಇಲ್ಲ. ಪದ್ಧತಿ ನೆನಪಿದೆ.

ನಿನ್ನ ಏಟಿಗೆ ಸಿಗದ ತಮ್ಮ,
ಪ್ರಭುಲಿಂಗ


ಮುಂಬಯಿ
೨೦ ಮೇ ೧೯೫೭

ಅಕ್ಕಾ, ನಿನ್ನ ಪಾದಕ್ಕೆ ಶರಣು.

ಎಲ್ಲಾ ಕ್ಷೇಮ. ಕ್ಷೇಮ ಅಷ್ಟೇ ಅಲ್ಲ, ನಾನು ನೆಲದ ಮೇಲೆ ಇಲ್ಲ. ನಿನ್ನ ಪತ್ರ ಬಂದಿಲ್ಲ, ಆರಾಮ ಇದ್ದೀ ಎಂದು ತಿಳಿದಿದ್ದೇನೆ. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ವಾರಗಟ್ಟಲೆ ಸಣ್ಣ ಪುಟ್ಟ ಉಳಿತಾಯ ಮಾಡಿದೆ. ಇಲ್ಲಿ ಒಂದು ಸುರುಳಿ ಬದಲಿಸು, ಅಲ್ಲಿ ಒಂದು ತಂತಿ ಗಿಡ್ಡ ಮಾಡು. ಏನೂ ಗಿಟ್ಟಲಿಲ್ಲ. ಒಂದು ಮುಂಜಾನೆ ಕೈಚೆಲ್ಲಿ ಕಪಾಟಿನ ಮುಂದೆ ಸುಮ್ಮನೆ ಕೂತೆ. ಪ್ರತಿ ರಿಲೇಗೆ ಒಂದು ಪುಟ್ಟ ದೀಪ ಇದೆ, ಕರೆಂಟು ಹರಿದರೆ ಹೊತ್ತುತ್ತದೆ. ಆಗ ಯಂತ್ರಕ್ಕೆ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಆದರೂ ಎಲ್ಲಾ ದೀಪ ಉರಿಯುತ್ತಿದ್ದವು! ಕೆಲಸ ಕೊಟ್ಟು ನೋಡಿದೆ. ಯಾವ ಸಾಲಿಗೆ ಅಪ್ಪಣೆ ಹೋಗಬೇಕೋ ಆ ಸಾಲಿನ ದೀಪ ಆರಿತು. ಅಂದರೆ ಸುಮ್ಮನಿದ್ದಾಗ ಉರಿಯುವುದು, ದುಡಿಯುವಾಗ ಆರುವುದು. ಇದನ್ನು ಹೀಗೆ ಕಟ್ಟಿದವರು ನಾವೇ. ವೈರಿಂಗಿಗೆ ಸಲೀಸು ಎಂದು ಯೋಚಿಸದೆ ಕಟ್ಟಿದ್ದೆವು. ಐದು ಸಾಲಿನಲ್ಲಿ ನಾಲ್ಕು ಯಾವಾಗಲೂ ದಂಡಕ್ಕೆ ಎದ್ದು ನಿಂತಿರುತ್ತಿದ್ದವು.

ತಿರುವಿಬಿಟ್ಟರೆ? “ಹೌದು” ಇದ್ದಲ್ಲಿ “ಇಲ್ಲ”, “ಇಲ್ಲ” ಇದ್ದಲ್ಲಿ “ಹೌದು”. ಅಪ್ಪಣೆ ಅದೇ, ಲೆಕ್ಕ ಅದೇ. ಐದರಲ್ಲಿ ನಾಲ್ಕು ಮಲಗಿರುತ್ತವೆ, ಕೆಲಸ ಬಂದ ಒಂದು ಮಾತ್ರ ಏಳುತ್ತದೆ. ಹೇಳಲು ಒಂದು ಮಾತು, ಮಾಡಲು ಬೆವರು ಕಿತ್ತು ಬಂತು. ಕಾಶೀಂಸಾಬ ಮತ್ತು ನಾನು ಕಪಾಟಿನ ಹೊಟ್ಟೆಯೊಳಗೇ ಸಂಸಾರ ಮಾಡಿದೆವು.

ಮೊನ್ನೆ ಸಾಹೇಬರ ಮುಂದೆ ಸ್ವಿಚ್ಚು ಒತ್ತಿದೆ. ಕಪಾಟು ಕಪ್ಪಗೆ ನಿಂತಿತ್ತು. ಒಂದೂ ದೀಪ ಇಲ್ಲ. ಸತ್ತೇ ಹೋಯಿತು ಎಂದುಕೊಂಡೆ. ಕಾಶೀಂಸಾಬ ಒಂದು ಲೆಕ್ಕ ಕೊಟ್ಟ. ಆ ಕಪ್ಪಿನೊಳಗೆ ಒಂದೇ ಒಂದು ದೀಪ ಹೊತ್ತಿತು, ಆರಿತು, ಪಕ್ಕದ್ದು ಹೊತ್ತಿತು, ಅದರ ಪಕ್ಕದ್ದು. ಹೊಲದ ಬದುವಿನ ಮೇಲೆ ಕಂದೀಲು ಹಿಡಿದು ಯಾರೋ ಓಡಿದ ಹಾಗೆ ಒಂದು ಬೆಳಕು ಕಪಾಟಿನ ಈ ತುದಿಯಿಂದ ಆ ತುದಿಗೆ ಓಡಿ ಹೋಯಿತು. ಉತ್ತರ ಸರಿಯಾಗಿ ಬಂತು. ಕಾಶೀಂಸಾಬ ಮೆಲ್ಲಗೆ ಅಂಗೈ ಇಟ್ಟು ನೋಡಿ, “ತಣ್ಣಗೈತ್ರೀ ಅಣ್ಣಾರ” ಎಂದ. ಸಾಹೇಬರು ತಾವೂ ಬಂದು ಅಂಗೈ ಇಟ್ಟರು.

ಏನನ್ನೂ ಹೊಸದಾಗಿ ಸೇರಿಸಲಿಲ್ಲ ಅಕ್ಕಾ. ಮಲಗುವುದನ್ನು ಮಲಗಲು ಬಿಟ್ಟೆವು, ಅಷ್ಟೇ.

ಹಿಗ್ಗಿನಿಂದ ನಿದ್ದೆ ಬಾರದ
ಪ್ರಭುಲಿಂಗ


ಮುಂಬಯಿ
೧೮ ಆಗಸ್ಟ್ ೧೯೫೭

ಅಕ್ಕಾ,

ಈ ಪತ್ರದ ಕವರಿನ ಮೇಲೆ ಕ್ಷೇಮ ಎಂದು ಬರೆದಿಲ್ಲ. ನನಗೇನೂ ಆಗಿಲ್ಲ. ಆದರೆ ಕ್ಷೇಮ ಎನ್ನಲು ಕೈ ಬರಲಿಲ್ಲ.

ನಿನ್ನೆ ನಮ್ಮ ಯಂತ್ರ ನಿಲ್ಲಲಿಲ್ಲ. ಅದಕ್ಕೆ ಲೆಕ್ಕ ಉಣಿಸುವುದು ತೂತು ಹೊಡೆದ ಕಾಗದದ ಪಟ್ಟಿಯಿಂದ. ಪಟ್ಟಿಯನ್ನು ಒಂದು ಮೋಟಾರು ಎಳೆಯುತ್ತದೆ. ಪಟ್ಟಿ ಸಿಕ್ಕಿಹಾಕಿಕೊಂಡಿತು. ನಾನು “ನಿಲ್ಲು” ಗುಂಡಿ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಕಾಗದ ಹರಿದು ಚಿಂದಿಯಾಯಿತು, ಮೋಟಾರು ಹೊಗೆ ಕಾರಿತು. ಕಾಶೀಂಸಾಬ ಓಡಿ ಹೋಗಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು ಎಳೆದು ಇಡೀ ಕೋಣೆಯ ಕರೆಂಟು ತೆಗೆದ. ಯಾರಿಗೂ ಪೆಟ್ಟಾಗಲಿಲ್ಲ, ಅದು ನಮ್ಮ ಪುಣ್ಯ.

ಬಿಚ್ಚಿ ನೋಡಿದರೆ “ನಿಲ್ಲು” ಎಂದು ಹೇಳುವ ತಂತಿ ಒಂದು ಕಡೆ ಕಡಿದಿತ್ತು. ಹಳೆಯ ಏರ್ಪಾಡಿನಲ್ಲಿ ಆ ತಂತಿಯಲ್ಲಿ ಸದಾ ಕರೆಂಟು ಇರುತ್ತಿತ್ತು. ಕಡಿದರೆ ಕರೆಂಟು ನಿಂತು ಯಂತ್ರವೂ ತಾನೇ ನಿಲ್ಲುತ್ತಿತ್ತು. ನಾನು ಉಳಿತಾಯದ ಹುರುಪಿನಲ್ಲಿ ಅದನ್ನೂ ತಿರುವಿ ಮಲಗಿಸಿದ್ದೆ. ಎಷ್ಟು ದಿನದಿಂದ ಕಡಿದಿತ್ತೋ! ಮಲಗಿದ ತಂತಿಯೂ ತುಂಡಾದ ತಂತಿಯೂ ನೋಡುವುದಕ್ಕೆ ಒಂದೇ. ಎರಡರಲ್ಲೂ ಏನೂ ಹರಿಯುವುದಿಲ್ಲ. ಇವತ್ತು ಆ ಒಂದು ತಂತಿಯನ್ನು ಮತ್ತೆ ಸದಾ ಎಚ್ಚರ ಇರುವ ಹಾಗೆ ಕಟ್ಟಿದೆವು. ಉಳಿದವು ಮಲಗಲಿ. ಆ ಒಂದಕ್ಕೆ ಖರ್ಚಾಗುವ ಕರೆಂಟಿಗೆ ಬೇಸರ ಮಾಡಿಕೊಳ್ಳಬಾರದು.

ಕೆಲಸ ಮುಗಿಸಿ ನಾನಿರುವ ಖೋಲಿಗೆ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಕಾಲು ನಿಂತವು. ಫೆಬ್ರುವರಿಯಿಂದ ನಿನ್ನ ಪತ್ರ ಇಲ್ಲ. ಇಲ್ಲ ಎಂದರೆ ಚಲೋ ಇದ್ದಾಳೆ ಎಂದು ನಾನು ಉಂಡು ಮಲಗಿದ್ದೇನೆ. ಅಕ್ಕಾ, ನೀನು ಚಲೋ ಇದ್ದೀಯಾ, ಅಥವಾ ತಂತಿ ಕಡಿದಿದೆಯಾ? ನನಗೆ ಇಲ್ಲಿಂದ ಎರಡೂ ಒಂದೇ ಹಾಗೆ ಕಾಣುತ್ತವೆ. ಅಪ್ಪನ ಪದ್ಧತಿ ಒಂದು ಕಡೆ ಇರಲಿ. ಒಂದು ಸಾಲು ಬರೆ. ಬೈದಾದರೂ ಬರೆ.

ಕಾಯುತ್ತಿರುವ
ಪ್ರಭು


ಗಜೇಂದ್ರಗಡ
೨೭ ಆಗಸ್ಟ್ ೧೯೫೭

ಪ್ರಭು ತಮ್ಮಾ, ನಿನಗ ಮೈಮುನಬಿ ಸಲಾಮು ಹೇಳ್ತಾಳ.

ನನಗ ಬರಿಯಾಕ ಬರಂಗಿಲ್ಲ. ಸಾಲಿ ಮಾಸ್ತರು ಅಯ್ಯಪ್ಪನವರು ಬರೀಲಾಕ ಹತ್ತ್ಯಾರ. ನಾ ಹ್ಯಾಂಗ ಹೇಳ್ತೀನಿ ಹಾಂಗಽ ಬರೀರಿ, ಚಂದ ಮಾಡಬ್ಯಾಡ್ರಿ ಅಂತ ಅವರಿಗೆ ಹೇಳೀನಿ.

ಶೇಖವ್ವ ನನ್ನ ಕೈ ಹಿಡದು ಆಣಿ ಹಾಕಿಸಿದ್ಲು, ಪ್ರಭುಗ ತಿಳಿಸಬ್ಯಾಡಂತ. ಇವತ್ತು ಆ ಆಣಿ ಮುರದೀನಿ. ಅಲ್ಲಾ ನನಗ ಕೇಳಿದ್ರ ನಾ ಉತ್ತರಾ ಕೊಡ್ತೀನಿ.

ಯುಗಾದಿ ಆದ ಮ್ಯಾಲ ನಿಮ್ಮಕ್ಕ ಗುಡ್ಡದ ಮ್ಯಾಲ ಕಾಲಕಾಲೇಶ್ವರನ ಗುಡಿಗೆ ಹೋಗಿದ್ಲು. ಇಳಿಯೂಮುಂದ ಪಾವಟಿಗಿ ಮ್ಯಾಲಿಂದ ಜಾರಿ ಬಿದ್ಲು. ಬಲಗಾಲು ಮೊಣಕಾಲಿನ್ಯಾಗ ಮುರೀತು. ರೋಣದ ದವಾಖಾನ್ಯಾಗ ಕಟ್ಟು ಹಾಕಿದ್ರು. ಕಟ್ಟು ಬಿಚ್ಚಿದ ಮ್ಯಾಲ ಬೆಳವಣಕಿಯಿಂದ ಎಲುಬಿನ ಎಣ್ಣಿ ತರಿಸಿ ತಿಕ್ಕಿದ್ವಿ. ಈಗ ಕೋಲು ಹಿಡದು ಅಡ್ಡಾಡ್ತಾಳ. ಅಡಗಿ ಮಾಡ್ತಾಳ, ನನ್ನ ಬೈತಾಳ. ಆದ್ರ ಮಗ್ಗದ ಕಾಲುಮಣಿ ತುಳಿಯಾಕ ಆಗವಲ್ದು. ಖಣದ ಹಾಸು ಭಾಳ ಜಡ, ನಿನಗ ಗೊತ್ತದ. ಒಮ್ಮಿ ತುಳದ್ಲು, ಬಾಯಾಗ ಸೆರಗು ತುರಕೊಂಡು ಅತ್ಲು. ಎಡಗಾಲಿಲೆ ತುಳದ್ಲು, ಅದಕ್ಕೂ ಸೋಲು ಬಂತು.

ನಿಮ್ಮ ಮಾವ ಅರ್ಜುನಪ್ಪಣ್ಣ ಕೆಟ್ಟ ಮನಷಾ ಅಲ್ಲ. ಹೆಂಡ್ತಿ ನರಳೂದು ಅವನಿಗೆ ನೋಡಲಿಕ್ಕಾಗವಲ್ದು. ಮಾನವಮಿ ಪೂಜಿ ಆದ ಕೂಡ್ಲೆ ಮಗ್ಗ ಬಿಚ್ಚಿ ಕುಣಿ ಮುಚ್ಚತೀನಿ ಅಂತಾನ. ಕುಣಿಗೆ ತುಂಬಾಕ ಕೆಮ್ಮಣ್ಣು ತಂದು ಗ್ವಾಡಿಗೆ ಹಚ್ಚಿ ಸುರುವ್ಯಾನ. ಕುಣಿ ಕಣ್ಣಮುಂದ ಇದ್ರ ಅಕಿ ಸುಮ್ನ ಕೂಡಂಗಿಲ್ಲ, ಮುಚ್ಚಿದ್ರ ಮರೀತಾಳ ಅಂತ ಅವನ ಲೆಕ್ಕ. ಮರೀತಾಳೇನು? ಹಗಲೆಲ್ಲಾ ಕುಣಿ ದಂಡಿಗೆ ಕುಂತು ಅದನ್ನಽ ನೋಡ್ತಾಳ. ಮಗ್ಗ ಹೋತಂದ್ರ ಶೇಖವ್ವ ಬರೇ ಉಸರಾಡೂ ಹೆಂಗಸು ಆಗ್ತಾಳ.

ನಿನ್ನ ಪತ್ರ ಬಂದ ದಿನ ಓದಿ ಮಡಚಿ ಇಟ್ಲು. ಆಮ್ಯಾಲ ನನ್ನ ಕಡೆ ನೋಡಿ, “ಕಡದ ತಂತಿ ನಾನಽ ಬೇ” ಅಂದ್ಲು. ಅದನ್ನ ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ. ಸೀದಾ ಮಾಸ್ತರ ಮನಿಗೆ ಬಂದೆ.

ನೀ ಶ್ಯಾಣ್ಯಾ ಅದಿ. ಏನರ ಮಾಡು.

ಹೇಳಿದಾಕಿ: ಮೈಮುನಬಿ
ಬರೆದವರು: ಅಯ್ಯಪ್ಪ ಮಾಸ್ತರು


ಮುಂಬಯಿ
೩ ಸೆಪ್ಟೆಂಬರ್ ೧೯೫೭

ಅಕ್ಕಾ,

ಮೈಮುನಬಿಯನ್ನು ಬೈದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ. ಕಷ್ಟ ಬಂದರೆ ಬರಿ ಎಂಬ ಅಪ್ಪನ ಮಾತನ್ನು ನನಗೆ ಕಲಿಸಿದವಳು ನೀನು. ಕಷ್ಟ ಬಂದಾಗ ನೀನೇ ಬರೆಯಲಿಲ್ಲ. ನಾನು ಇಲ್ಲಿ ದೀಪ ಓಡಿತು ಎಂದು ಕುಣಿಯುತ್ತಿದ್ದಾಗ ನೀನು ಕಾಲು ಕಟ್ಟಿ ಮಲಗಿದ್ದೆ. ಆ ಪತ್ರವನ್ನು ಯಾವ ಮುಖ ಹೊತ್ತು ಓದಿದೆಯೋ! ಸಿಟ್ಟು ಬರುತ್ತದೆ, ನಿನ್ನ ಮೇಲೆ ಅಲ್ಲ, ಯಾರ ಮೇಲೋ. ರಜೆ ಕೇಳಿದ್ದೇನೆ.

ಈಗ ಒಂದು ಮಾತು. ನಗಬೇಡ, ಸಿಟ್ಟಾಗಬೇಡ, ಪೂರಾ ಓದು.

ಖಣದ ಮುಖದ ಮೇಲೆ ಹಾಸಿನ ಎಳೆಯೇ ಮಿರುಗಬೇಕು, ಹೊಕ್ಕು ಕಾಣಬಾರದು. ಅದಕ್ಕೆ ಒಂದೊಂದು ತುಳಿತಕ್ಕೂ ಐದು ಎಳೆಯಲ್ಲಿ ನಾಲ್ಕು ಮೇಲೇಳುತ್ತವೆ, ಒಂದು ಮಲಗಿರುತ್ತದೆ. ಏಳುವ ಎಳೆಯ ಭಾರ ಎಲ್ಲಾ ನಿನ್ನ ಕಾಲಿನ ಮೇಲೆ. ಆದರೆ ಬಟ್ಟೆಗೆ ಎರಡು ಮಗ್ಗುಲು ಇವೆ ಅಕ್ಕಾ. ಮುಖದ ಕಡೆ ಏಳುವ ಎಳೆ ಬೆನ್ನಿನ ಕಡೆಯಿಂದ ನೋಡಿದರೆ ಮಲಗಿದ ಎಳೆ. ಖಣವನ್ನು ಬೋರಲು ನೇಯಿ. ಡಾಬಿ ಪಟ್ಟಿಯಲ್ಲಿ ಮೊಳೆ ಇದ್ದಲ್ಲಿ ಕಿತ್ತುಬಿಡು, ಇಲ್ಲದಲ್ಲಿ ಚುಚ್ಚು. ಆಗ ಐದರಲ್ಲಿ ಒಂದೇ ಎಳೆ ಏಳುತ್ತದೆ, ನಾಲ್ಕು ಮಲಗುತ್ತವೆ. ಕಾಲಿಗೆ ಈಗಿನ ಭಾರದ ಕಾಲು ಭಾಗ. ಖಣ ಅದೇ, ನೂಲು ಅದೇ, ಮುಖ ಮಾತ್ರ ಕೆಳಗೆ.

ನಾನು ಕಪಾಟಿಗೆ ಮಾಡಿದ್ದು ಇದನ್ನೇ. ಅದೇ ಮಗ್ಗದ ಮುಂದೆ ಕೂತು ಮೊಳೆ ಚುಚ್ಚುತ್ತ ಬೆಳೆದವನು ನಾನು. ಆದರೂ ಮೈಮುನಬಿಯ ಪತ್ರ ಓದುವ ತನಕ ಹೊಳೆಯಲಿಲ್ಲ. ಓದುತ್ತ ಓದುತ್ತ ನನ್ನ ಕಪಾಟೂ ನಿನ್ನ ಮಗ್ಗವೂ ಒಂದರ ಮೇಲೊಂದು ಬಂದು ಕೂತವು. ತಕ್ಷಣ ಈ ಪತ್ರ ಬರೆಯಲು ಕೂತೆ.

ಮಾವನಿಗೆ ಹೇಳು, ಮಣ್ಣು ಹಾಗೇ ಇರಲಿ, ಕುಣಿಗೆ ಮಾತ್ರ ಬೀಳದಿರಲಿ.

ನಿನ್ನ
ಪ್ರಭು


ಗಜೇಂದ್ರಗಡ
೧೪ ಸೆಪ್ಟೆಂಬರ್ ೧೯೫೭

ಪ್ರಭು,

ಮೈಮುನಬಿಯನ್ನು ಬೈದೆ. ನೀನು ಬೇಡವೆಂದರೂ ಬೈದೆ. ಆಣೆ ಮುರಿದವಳ ಮನೆಯ ನೀರೂ ಕುಡಿಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ. ಸಂಜೆ ಅವಳೇ ಚಹಾ ತಂದು ಕಿಟಕಿಯಲ್ಲಿ ಇಟ್ಟು ಹೋದಳು. ಕುಡಿದೆ.

ನೀನು ಬರಬೇಡ. ನೀನು ಬಂದರೆ ನಾನು ಬ್ಯಾನಿ ಬಿದ್ದ ರೋಗಿಯಾಗುತ್ತೇನೆ. ಅದಕ್ಕೇ ನಿನಗೆ ಬರೆಯಲಿಲ್ಲ, ಬೇರೆ ಕಾರಣ ಇಲ್ಲ. ನಿನ್ನ ಆ ದೀಪದ ಪತ್ರವನ್ನು ಹಾಸಿಗೆಯಲ್ಲಿ ಮಲಗಿ ಮತ್ತೆ ಮತ್ತೆ ಓದಿದ್ದೇನೆ. ಅದನ್ನು ಓದುವಾಗ ಕಾಲಿನ ನೋವು ಇರುತ್ತಿರಲಿಲ್ಲ. ನನ್ನ ಸುದ್ದಿ ಬರೆದು ನಿನ್ನ ಆ ಬೆಳಕು ಆರಿಸಲೇ?

ಬೋರಲು ನೇಯುವ ಮಾತು. ಹಾಗೆ ನೇಯುವವರು ಎಲ್ಲೋ ಇದ್ದಾರೆ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದು ಇಲ್ಲ. ಖಣ ಎಂದರೆ ಉಡಿ ತುಂಬುವ ಬಟ್ಟೆ. ಅದರ ಮುಖವನ್ನು ಕುಣಿಯ ಕಡೆ, ಕಾಲಿನ ಕಡೆ ಮಾಡಿ ನೇಯಬಾರದು ಎಂದು ಅವ್ವ ಹೇಳುತ್ತಿದ್ದಳು. ನಿನ್ನ ಕಪಾಟಿಗೆ ಮೈಲಿಗೆ ಇಲ್ಲ, ಖಣಕ್ಕೆ ಇದೆ. ಇನ್ನೊಂದು, ಖರೇ ಹೇಳುತ್ತೇನೆ: ನನಗೆ ಹೆದರಿಕೆ. ನೇಯುತ್ತ ನೇಯುತ್ತ ನಾನು ಮುಖ ನೋಡುತ್ತೇನೆ. ಒಂದು ಎಳೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಮುಖ ಕೆಳಗಾದರೆ ಇಡೀ ಹಾಸು ಮುಗಿದು ಕತ್ತರಿಸುವವರೆಗೂ ಏನು ನೇಯ್ದೆ ಎಂದು ತಿಳಿಯುವುದಿಲ್ಲ. ಕುರುಡು ಕೈಯಲ್ಲಿ ಹೇಗೆ ನೇಯಲಿ? ಕೆಟ್ಟುಹೋದರೆ ನಿಮ್ಮ ಮಾವನ ಮಣ್ಣಿಗೆ ನಾನೇ ನೀರು ಹಾಕಿ ಕಲಸಿಕೊಟ್ಟ ಹಾಗೆ.

ಇಷ್ಟು ಬರೆದು ನಿನ್ನೆ ಪತ್ರ ಮುಚ್ಚಿಟ್ಟಿದ್ದೆ. ಮೈಮುನಬಿ ಬಂದಳು. ಅವಳಿಗೆ ಓದಿ ಹೇಳಿದೆ. ಅವಳು ಈ ಓಣಿಯ ಎಷ್ಟೋ ಹೆರಿಗೆ ಮಾಡಿಸಿದವಳು. ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು: “ಅಲ್ಲಬೇ, ಕೂಸು ತಾಯಿ ಹೊಟ್ಯಾಗ ಹ್ಯಾಂಗ ಇರ್ತದ? ಹೊರಗ ಬರೂಮುಂದ ತಲಿ ಕೆಳಗ ಮಾಡೇ ಇರ್ತದ. ಅದಕ್ಕ ಮೈಲಿಗಿ ಆತೇನು? ಅದರ ಮುಖ ಯಾರರ ಮೊದಲ ನೋಡ್ಯಾರೇನು? ಬಂದ ಮ್ಯಾಲಽ ನೋಡ್ತೀವಿ. ನೋಡಿ, ಉಡಿ ತುಂಬ್ತೀವಿ.”

ನೇಯುವ ಪಾಠ ಹೇಳಿಬಿಟ್ಟಳು ನೋಡು. ನನಗೆ! ನಿಮ್ಮ ಮಾವ ಒಳಗಿನಿಂದ ನಗುತ್ತಿದ್ದದ್ದು ಕೇಳಿಸಿತು.

ನಾಳೆ ಮೊಳೆ ಕೀಳುತ್ತೇನೆ. ನೇಯುತ್ತೇನೆ ಎಂದು ಹೇಳುತ್ತಿಲ್ಲ. ಕೀಳುತ್ತೇನೆ, ಅಷ್ಟೇ.

ಮೊಂಡು ಅಕ್ಕ,
ಶೇಖವ್ವ


ಮುಂಬಯಿ
೬ ಅಕ್ಟೋಬರ್ ೧೯೫೭

ಅಕ್ಕಾ,

ಮಾನವಮಿ ಮುಗಿಯಿತು. ಕುಣಿ ಇದೆಯಾ? ಮೊಳೆ ಕಿತ್ತೆಯಾ? ಕಾಶೀಂಸಾಬ ದಿನಾ ಮುಂಜಾನೆ ಕಪಾಟಿಗಿಂತ ಮೊದಲು ನಿನ್ನ ಮಗ್ಗವನ್ನು ವಿಚಾರಿಸುತ್ತಾನೆ: “ಅಕ್ಕಾರ ತುಳದ್ರೇನ್ರಿ?” ಸಾಹೇಬರಿಗೂ ಹೇಳಿಬಿಟ್ಟಿದ್ದೇನೆ. ಅವರು ನನ್ನಿಂದ ಡಾಬಿಯ ಚಿತ್ರ ಬರೆಸಿಕೊಂಡು ಸುಮಾರು ಹೊತ್ತು ನೋಡಿ, ಇದು ಎಷ್ಟು ಹಳೆಯದು ಎಂದು ಕೇಳಿದರು. ನಿನಗೆ ಗೊತ್ತಿದ್ದರೆ ಬರೆ.

ಕಪಾಟು ತಣ್ಣಗೆ ನಡೆಯುತ್ತಿದೆ. ನಾನು ತಣ್ಣಗಿಲ್ಲ. ರಜೆ ಮಂಜೂರಾಗಿದೆ. ನೀನು ಬೇಡ ಎಂದಿದ್ದಕ್ಕೆ ತಡೆದಿದ್ದೇನೆ. ಬೇಗ ಬರೆ.

ಪ್ರಭು


ಗಜೇಂದ್ರಗಡ
೨೮ ಅಕ್ಟೋಬರ್ ೧೯೫೭

ಪ್ರಭು, ನನ್ನ ರಾಜಾ, ನಿನಗೆ ಅಕ್ಕನ ಆಶೀರ್ವಾದ.

ಬರೆಯಲು ತಡವಾಯಿತು. ಕೈಗೆ ಬಿಡುವಿರಲಿಲ್ಲ. ಅಷ್ಟರಿಂದಲೇ ನಿನಗೆ ತಿಳಿದಿರಬೇಕು.

ಮೊಳೆ ಕೀಳಲು ಕೂತಾಗ ನಿಮ್ಮ ಮಾವ ಬಂದು ಎದುರಿಗೆ ಕೂತರು. ನಾನು ಕಿತ್ತೆ, ಅವರು ಚುಚ್ಚಿದರು. ಬಹಳ ದಿನದ ಮೇಲೆ ನಾವಿಬ್ಬರೂ ಒಂದೇ ಕೆಲಸ ಮಾಡಿದ್ದು. “ಮಾನವಮಿತನಾ ನೋಡೂನು” ಎಂದರು. ಆಮೇಲೆ ನನ್ನನ್ನು ಎತ್ತಿ ಕುಣಿಯಲ್ಲಿ ಇಳಿಸಿದರು.

ಬಲಗಾಲನ್ನು ಕಾಲುಮಣೆಯ ಮೇಲೆ ಇಟ್ಟೆ. ಹಲ್ಲು ಕಚ್ಚಿದೆ, ಕಣ್ಣು ಮುಚ್ಚಿದೆ, ತುಳಿದೆ. ಅದು ಇಳಿದೇ ಬಿಟ್ಟಿತು ಪ್ರಭು. ನಾನು ತುಳಿದದ್ದು ನನಗೇ ತಿಳಿಯಲಿಲ್ಲ. ಎಲ್ಲೋ ಹಗ್ಗ ಹರಿಯಿತು ಎಂದು ಕಣ್ಣು ತೆರೆದರೆ ಏನೂ ಹರಿದಿಲ್ಲ. ಹಾಸಿನ ಮೇಲೆ ಒಂದೊಂದೇ ಎಳೆ ಎದ್ದು ನಿಂತಿದೆ, ಉಳಿದವೆಲ್ಲ ಮಿಸುಕದೆ ಮಲಗಿವೆ. ನಾನು ಚೀರಿದೆ. ನಿಮ್ಮ ಮಾವ ನಾನು ಬಿದ್ದೆ ಎಂದು ತಿಳಿದು ಓಡಿ ಬಂದರು. “ಬಿದ್ದಿಲ್ರೀ, ತುಳದೀನಿ” ಎಂದೆ. ಅವರು ಕುಣಿಯ ದಂಡೆಗೆ ಕುಸಿದು ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ನೇಯುವುದೇನೋ ನೇಯ್ದೆ. ಆದರೆ ಕಣ್ಣಮುಂದೆ ಬರೀ ಬೆನ್ನು. ಮಾಸಲು, ಒರಟು, ಗೋಣಿತಟ್ಟಿನ ಹಾಗೆ. ದಿನ ದಿನ ಅದನ್ನೇ ನೋಡಿ ನನ್ನ ಜೀವ ಸಣ್ಣಗಾಯಿತು. ನಾಲ್ಕು ಸಲ ಕತ್ತರಿಸಿ ಬಿಸಾಡಬೇಕು ಅಂದುಕೊಂಡೆ. ಮಾನವಮಿ ಪೂಜೆ ಆಯಿತು. ನಿಮ್ಮ ಮಾವ ಮಣ್ಣಿನ ಗುಂಪಿಯ ಕಡೆ ನೋಡಲಿಲ್ಲ, ನಾನೂ ಕೇಳಲಿಲ್ಲ. ಕಾಲು ತುಳಿಯಿತು, ಕೈ ಲಾಳಿ ಎಸೆಯಿತು. ಕೈಗೆ ಕಲಿತದ್ದು ಕಣ್ಣಿಲ್ಲದೆಯೂ ಗೊತ್ತಿತ್ತು. ಅದು ನನಗೇ ಗೊತ್ತಿರಲಿಲ್ಲ.

ದೀಪಾವಳಿಯ ಪಾಡ್ಯದ ದಿನ ಹಾಸು ಮುಗಿಯಿತು. ಮೈಮುನಬಿ, ಅಯ್ಯಪ್ಪ ಮಾಸ್ತರು, ಓಣಿಯ ಹೆಣ್ಣುಮಕ್ಕಳು ಎಲ್ಲ ಬಂದು ನಿಂತರು. ಯಾರನ್ನೂ ಕರೆದಿರಲಿಲ್ಲ. ಕತ್ತರಿಸಿದೆ. ತಿರುವಿ ನೋಡಲು ನನಗೆ ಧೈರ್ಯ ಬರಲಿಲ್ಲ. ನಿಮ್ಮ ಮಾವ ಒಂದು ತುದಿ, ಮೈಮುನಬಿ ಒಂದು ತುದಿ ಹಿಡಿದರು. ಬಾಗಿಲ ಬಿಸಿಲಿಗೆ ಒಯ್ದು ಒಮ್ಮೆಲೇ ಹೊರಳಿಸಿದರು.

ನಾನು ಕೂಸಾಗಿದ್ದಾಗಿನಿಂದ ಖಣ ನೋಡಿದ್ದೇನೆ, ನೇಯ್ದಿದ್ದೇನೆ. ಆದರೆ ಯಾವಾಗಲೂ ಬೆರಳಗಲ ಬೆರಳಗಲ ನೋಡಿದ್ದು. ಇವತ್ತಿನದು ನಾಳೆ ಹಳೆಯದು. ಮುಗಿಯುವ ಹೊತ್ತಿಗೆ ಕಣ್ಣಿಗೆ ಸಾಕಾಗಿ ಹೋಗಿರುತ್ತದೆ. ನೇಯುವವಳಿಗೆ ತನ್ನ ಬಟ್ಟೆ ಎಂದೂ ಹೊಸದಾಗಿ ಕಾಣುವುದಿಲ್ಲ ಪ್ರಭು. ಅವತ್ತು ಇಡೀ ಖಣ ಒಂದೇ ಸಲಕ್ಕೆ ನನ್ನ ಮುಂದೆ ಬಂತು. ಕೆಂಪು ರೇಶಿಮೆಯ ಮೇಲೆ ಬಿಸಿಲು ಜಾರುತ್ತಿತ್ತು. ಒಂದು ಎಳೆಯೂ ತಪ್ಪಿರಲಿಲ್ಲ. ನನಗೆ ನಾನು ಎಲ್ಲಿದ್ದೇನೆ ಎಂಬುದೇ ಮರೆತು ಹೋಯಿತು.

“ಅಯ್ಯ ಶಿವನ, ಯಾರು ನೇಯ್ದಾರ ಇದನ್ನ?” ಎಂದುಬಿಟ್ಟೆ.

ಯಾರೂ ನಗಲಿಲ್ಲ. ನಿಮ್ಮ ಮಾವ ಖಣ ಹಿಡಿದುಕೊಂಡೇ ನನ್ನ ಕಡೆ ತಿರುಗಿ, “ನೀನಽ” ಎಂದರು.

ನಿನ್ನ ಅಕ್ಕ,
ಶೇಖವ್ವ